ನಾಲ್ಕು ಗೋಡೆಗಳೊಳಗಿನ ಅಳು

ಮಠದ ಜವಾನ ಓಡೋ ಹಳ್ಳದ ದಡಕ್ಕೆ ಬಂದಾಗ ಗುನ್ನೋರಾ ಮೊಣಕಾಲುದ್ದ ನೀರಿನಲ್ಲಿ ನಿಂತು, ನೆನೆಹಾಕಿದ್ದ ಅಗಸೆಯ ಕಟ್ಟುಗಳನ್ನು ಒಂದೊಂದಾಗಿ ಮೇಲೆತ್ತುತ್ತಿದ್ದಳು. ಹತ್ತು ದಿನ ನೆನೆದ ಅಗಸೆ ನಾರು ಹೇಗೆ ನಾರುತ್ತದೆಂದು ಊರಿಗೆಲ್ಲ ಗೊತ್ತು. ಓಡೋ ಮೂಗು ಹಿಡಿದುಕೊಂಡೇ ಕೂಗಿದ.

“ಗುನ್ನೋರವ್ವಾ! ಸಂತ ಮೈಕೇಲನ ಹಬ್ಬದ ಮಾರನೇ ದಿನ ಮಠದ ನ್ಯಾಯಸಭೆಗೆ ಬರಬೇಕಂತೆ.”

“ಮೂಗು ಬಿಟ್ಟು ಮಾತಾಡೋ. ನೀನು ಹುಟ್ಟಿದ ದಿನ ಇದಕ್ಕಿಂತ ಜಾಸ್ತಿ ನಾತ ಇತ್ತು. ನಾನೇನು ಮೂಗು ಹಿಡ್ಕೊಂಡಿರಲಿಲ್ಲ.”

ಓಡೋ ಕೈ ಇಳಿಸಿದ. “ನನಗೆ ಹೇಳಿದ್ದಷ್ಟೇ. ಬರಬೇಕು ಅಂದ್ರು.”

“ಹೆಂಗಸಿನ ಸಾಕ್ಷಿ ಆ ಸಭೇಲಿ ನಡೆಯಲ್ಲ. ಮತ್ಯಾಕೆ ನಾನು?”

“ಹ್ಯಾಮೋನ ಹೊಲದ ವಿಚಾರ ಅಂತ ಕಿವಿಗೆ ಬಿತ್ತು. ನೀನು ಬರೋದೇನೋ ಬಾ, ನಾಲಗೆ ಮನೇಲಿಟ್ಟು ಬಾ.”

“ಮನೇಲಿಟ್ಟರೆ ಬೆಕ್ಕು ತಿಂದುಬಿಡ್ತದೆ” ಎಂದು ಗುನ್ನೋರಾ ಮುಂದಿನ ಕಟ್ಟಿಗೆ ಕೈ ಹಾಕಿದಳು.

ಥಾರ್ನ್‌ಹೋದಲ್ಲಿ ಅರವತ್ತೆರಡು ಒಲೆಗಳು ಉರಿಯುತ್ತವೆ. ಕೆಲವು ಊರುಗಳಿಗೆ ಕುದುರೆ ಏರಿ ಬರುವ ಸರದಾರ ಒಡೆಯನಾಗಿರುತ್ತಾನೆ. ನಮ್ಮ ಒಡೆಯ ಹೊಳೆಯಾಚೆಯ ಮಠ. ಹೊಲ ಅವರದು, ಗಿರಣಿ ಅವರದು, ಹಂದಿಗಳು ಮೇಯುವ ಓಕ್ ಕಾಡು ಅವರದು. ಒಕ್ಕಲುಗಳು ವಾರಕ್ಕೆ ಮೂರು ದಿನ ಮಠದ ಹೊಲದಲ್ಲಿ ಬಿಟ್ಟಿ ದುಡಿಯಬೇಕು, ಸುಗ್ಗಿಯಲ್ಲಿ ಕರೆದಾಗಲೆಲ್ಲ ಹೋಗಬೇಕು. ಹಬ್ಬದ ದಿನ ಪೂಜೆ ಮಾಡುವವರೂ ಅವರೇ, ಕಣಜದ ಕಟ್ಟಡದಲ್ಲಿ ಕೂತು ನ್ಯಾಯ ಹೇಳುವವರೂ ಅವರೇ. ಈ ಎರಡರಲ್ಲಿ ಯಾವಾಗ ಯಾವುದು ನಡೆಯುತ್ತಿದೆಯೆಂದು ತಿಳಿಯಲು ಅವರು ತೊಟ್ಟ ಬಟ್ಟೆ ನೋಡಬೇಕು.

ಗುನ್ನೋರಾ ಈ ಊರಿನ ಸೂಲಗಿತ್ತಿ. ಅವಳಿಗೆ ಅರವತ್ತು ದಾಟಿದೆ. ಮೂವತ್ತನಾಲ್ಕು ವರ್ಷಗಳಿಂದ ಅವಳ ಕೈಗೆ ಬಾರದೆ ಥಾರ್ನ್‌ಹೋದಲ್ಲಿ ಯಾರೂ ಹುಟ್ಟಿಲ್ಲ. ಬಲಗೈಯ ಉಗುರುಗಳನ್ನು ವಾರಕ್ಕೆರಡು ಸಲ ಕುರಿಕತ್ತರಿಯಿಂದ ಕತ್ತರಿಸಿಕೊಂಡು ಕಲ್ಲಿಗೆ ಉಜ್ಜುತ್ತಾಳೆ. ಎಡಗೈಯ ಉಗುರು ಹೇಗಿದ್ದರೂ ಅವಳಿಗೆ ಚಿಂತೆಯಿಲ್ಲ.

ಕೈಗಿಂತ ಹೆಚ್ಚಾಗಿ ಅವಳು ಕಾಪಾಡಿಕೊಂಡು ಬಂದದ್ದು ಒಂದು ವಾಕ್ಯವನ್ನು. ಕೂಸು ಉಳಿಯುವುದಿಲ್ಲ ಎನ್ನಿಸಿದರೆ, ಪಾದ್ರಿ ಬರುವಷ್ಟು ಹೊತ್ತಿಲ್ಲದಿದ್ದರೆ, ಸೂಲಗಿತ್ತಿಯೇ ನೀರು ಹನಿಸಿ ಜ್ಞಾನಸ್ನಾನ ಕೊಡಬಹುದು. ಕೊಡಲೇಬೇಕು. ಆದರೆ ಮಾತು ತಪ್ಪುವಂತಿಲ್ಲ. ಗುನ್ನೋರಾಳಿಗಿಂತ ಮೊದಲಿದ್ದ ಸೂಲಗಿತ್ತಿ ಒಮ್ಮೆ ಗಾಬರಿಯಲ್ಲಿ “ದೇವರ ಹೆಸರಲ್ಲಿ, ಸಂತ ಯೊವಾನ್ನನ ಹೆಸರಲ್ಲಿ” ಎಂದುಬಿಟ್ಟಳು. ಹಿಂದಿನ ದಿನ ಸಂತ ಯೊವಾನ್ನನ ಹಬ್ಬವಾಗಿತ್ತು, ನಾಲಗೆಗೆ ಅದೇ ಬಂತು. ಪಾದ್ರಿ ವಿಚಾರಿಸಿದಾಗ ಅವಳು ಸುಳ್ಳಾಡದೆ ನಡೆದದ್ದನ್ನು ಹೇಳಿದಳು. ಆ ಮಾತಿನಿಂದ ಜ್ಞಾನಸ್ನಾನ ಆಗಲಿಲ್ಲವೆಂದು ತೀರ್ಮಾನವಾಯಿತು. ಕೂಸನ್ನು ಚರ್ಚಿನ ಅಂಗಳದಲ್ಲಿ ಹೂಳಲು ಬಿಡಲಿಲ್ಲ. ಬೇಲಿಯಾಚೆ ಗುಂಡಿ ತೆಗೆದರು. ಆ ತಾಯಿ ಸಾಯುವತನಕ ಪೂಜೆಗೆ ಬರುವಾಗ ಬೇಲಿಯ ಪಕ್ಕದ ದಾರಿ ಹಿಡಿಯಲಿಲ್ಲ, ಹೊಲ ಸುತ್ತಿಕೊಂಡು ಬರುತ್ತಿದ್ದಳು.

ಆದ್ದರಿಂದ ಗುನ್ನೋರಾ ದಿನಕ್ಕೊಮ್ಮೆಯಾದರೂ ಆ ವಾಕ್ಯವನ್ನು ಗಟ್ಟಿಯಾಗಿ ಹೇಳುತ್ತಾಳೆ: “ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ.” ಹಂದಿಗೆ ಮುಸುರೆ ಹಾಕುವಾಗ ಹೇಳಿಕೊಳ್ಳುವುದು ಅಭ್ಯಾಸ. ಅವಳ ಮನೆಯ ಹಂದಿಗೆ ಮೋಕ್ಷ ಖಾತ್ರಿ ಎಂದು ನೆರೆಯವರು ಆಡಿಕೊಳ್ಳುತ್ತಾರೆ. ಪ್ರತಿವರ್ಷ ಈಸ್ಟರಿನ ಮುಂಚಿನ ಉಪವಾಸದ ದಿನಗಳಲ್ಲಿ ಪಾದ್ರಿ ಫುಲ್ಕ್ ಅವಳನ್ನು ಕರೆದು ಪರೀಕ್ಷೆ ಮಾಡುತ್ತಾರೆ. ಒಂದು ಸಲವೂ ಅವಳು ತಡವರಿಸಿಲ್ಲ.

ಪಾದ್ರಿ ಕಲಿಸಿದ ಇನ್ನೊಂದು ವಿಷಯವನ್ನೂ ಅವಳು ಅಷ್ಟೇ ಗಟ್ಟಿಯಾಗಿ ಹಿಡಿದಿದ್ದಾಳೆ. ಜ್ಞಾನಸ್ನಾನ ಜೀವವಿರುವ ಕೂಸಿಗೆ ಮಾತ್ರ. ಸತ್ತದ್ದಕ್ಕೆ ನೀರು ಹಾಕಿದರೆ ಅದು ಪಾಪ.

ಈಗ ಹ್ಯಾಮೋನ ವಿಚಾರ. ಅವನು ಬೇರೆ ಊರಿನವನು, ಇಲ್ಲಿಗೆ ಮನೆಅಳಿಯನಾಗಿ ಬಂದವನು. ಹದಿನೈದು ಎಕರೆ ಹೊಲ, ಮನೆ, ಕೊಟ್ಟಿಗೆ ಎಲ್ಲವೂ ಮಠದ ಒಕ್ಕಲು ಹಕ್ಕಾಗಿ ಅವನ ಹೆಂಡತಿ ಸಬೀನಾಳ ತಂದೆಯಿಂದ ಅವಳಿಗೆ ಬಂದದ್ದು. ಅವಳಿಗೆ ಒಡಹುಟ್ಟಿದವರಿಲ್ಲ. ಆರು ವರ್ಷ ಹ್ಯಾಮೋ ಆ ನೆಲಕ್ಕೆ ಬೆನ್ನು ಬಗ್ಗಿಸಿದ, ಕೆಳಗಿನ ಜೌಗಿಗೆ ಕಾಲುವೆ ತೋಡಿ ಅಲ್ಲಿಯೂ ಬಾರ್ಲಿ ಬೆಳೆದ.

ಆಗಸ್ಟಿನಲ್ಲಿ ಸಬೀನಾಳಿಗೆ ನೋವು ಕಾಣಿಸಿಕೊಂಡ ದಿನವೇ ಮಠ ಸುಗ್ಗಿಯ ದೊಡ್ಡ ಬಿಟ್ಟಿ ಕರೆಯಿತು. ಊರಿನ ಗಂಡಸರೆಲ್ಲ ಕುಡುಗೋಲು ಹಿಡಿದು ಹೋದರು. ಹ್ಯಾಮೋ ಉಳಿಯುತ್ತೇನೆಂದ. ಮಠದ ಪರವಾಗಿ ಆಳುಗಳ ಮೇಲ್ವಿಚಾರಣೆ ಮಾಡುವವನು ಬಿಡಲಿಲ್ಲ. “ಹೆರೋದು ಅವಳು, ಕೊಯ್ಯೋದು ನೀನು. ನೀನಿಲ್ಲಿ ಕೂತರೆ ಅವಳ ನೋವು ಕಮ್ಮಿ ಆಗ್ತದಾ? ನಡಿ.” ಮಧ್ಯಾಹ್ನ ಮಠ ಕೊಟ್ಟ ರೊಟ್ಟಿ, ಉಪ್ಪುಮೀನು ತಿನ್ನುತ್ತ ಗಂಡಸರು ಗೋದಿಯ ಸಾಲಿನಲ್ಲಿ ಕೂತಿದ್ದಾಗ ಸಬೀನಾ ತೀರಿಕೊಂಡಳು. ಕೂಸು ಅದಕ್ಕೆ ಸ್ವಲ್ಪ ಮುಂಚೆ ಹುಟ್ಟಿತ್ತು. ಹೆಣ್ಣು. ಉಸಿರಾಡಿತು, ಕಣ್ಣು ಬಿಟ್ಟಿತು, ಗುನ್ನೋರಾಳ ಕಿರುಬೆರಳು ಹಿಡಿಯಿತು. ಅಳಲಿಲ್ಲ. ಗುನ್ನೋರಾ ನೀರು ಹನಿಸಿ, ವಾಕ್ಯ ಹೇಳಿ, ಸಿಸಿಲಿ ಎಂದು ಹೆಸರಿಟ್ಟಳು. ಹತ್ತು ಸಲ ಪ್ರಭುವಿನ ಪ್ರಾರ್ಥನೆ ಹೇಳುವಷ್ಟು ಹೊತ್ತು ಸಿಸಿಲಿ ಬದುಕಿದ್ದಳು.

ಪಾದ್ರಿ ಫುಲ್ಕ್ ಬಂದು, ಯಾವ ಮಾತು, ಎಷ್ಟು ನೀರು, ಎಲ್ಲಿ ಹನಿಸಿದ್ದು ಎಂದೆಲ್ಲ ಕೇಳಿ ಒಪ್ಪಿದರು. ತಾಯಿಯನ್ನೂ ಮಗುವನ್ನೂ ಮಾರನೇ ದಿನ ಚರ್ಚಿನ ಅಂಗಳದಲ್ಲಿ ಹೂಳಿದರು. ಸುಗ್ಗಿಯ ಉಸ್ತುವಾರಿಗೆಂದು ಮಠದಿಂದ ಬಂದಿದ್ದ ಸನ್ಯಾಸಿ ವಾರಿನ್ ಅಲ್ಲೇ ಇದ್ದರು. ಗುಂಡಿಯ ಮೇಲೆ ತೀರ್ಥ ಚಿಮುಕಿಸಿದವರು ಅವರೇ.

ಅದೇ ವಾರಿನ್ ಮಠದ ಜಮೀನು ನೋಡಿಕೊಳ್ಳುವವರು. ನ್ಯಾಯಸಭೆಯಲ್ಲಿ ಒಡೆಯನ ಪೀಠದಲ್ಲಿ ಕೂರುವವರೂ ಅವರೇ.

ಓಡೋ ಕರೆ ತಂದ ದಿನ ಸಂಜೆ, ಇನ್ನೂ ಬೆಳಕಿರುವಾಗಲೇ ಹ್ಯಾಮೋ ಗುನ್ನೋರಾಳ ಮನೆಗೆ ಬಂದ. ಕಂಕುಳಲ್ಲಿ ಕಾಲು ಕಟ್ಟಿದ ಕೋಳಿಯಿತ್ತು.

“ಕೋಳಿ ಯಾಕೋ?”

“ಸುಮ್ನೆ ತಂದೆ.”

“ಸುಮ್ನೆ ತಂದ ಕೋಳೀನ ಸುಮ್ನೆ ತಗೊಂಡ್ಹೋಗು. ಈಗ ಹೇಳು.”

ಹ್ಯಾಮೋ ಬಾಗಿಲ ಬಳಿಯೇ ಕುಕ್ಕರಗಾಲಲ್ಲಿ ಕೂತ. “ಈ ಊರಿನ ಪದ್ಧತಿ ನಿನಗೆ ಗೊತ್ತಲ್ಲವ್ವ. ಹೆಂಡತಿ ಸತ್ತರೆ ಅವಳ ಹೊಲ ಗಂಡನ ಕೈಲಿ ಉಳೀಬೇಕಾದ್ರೆ ಅವನಿಂದ ಅವಳಿಗೊಂದು ಮಗು ಹುಟ್ಟಿರಬೇಕು. ಆ ಮಗು ನಾಲ್ಕು ಗೋಡೆಯೊಳಗೆ ಅತ್ತದ್ದನ್ನ ಹೊರಗೆ ನಿಂತ ಗಂಡಸರು ಕೇಳಿರಬೇಕು. ಆಮೇಲೆ ಮಗು ಸತ್ತರೂ ಸೈ, ಗಂಡ ಸಾಯೋತನಕ ಹೊಲ ಅವನದೇ. ಅಳದಿದ್ದರೆ ನಾನು ಈ ಊರಿಗೆ ಬಂದ ನೆಂಟ ಅಷ್ಟೆ. ಎದ್ದು ಹೋಗು ಅಂತಾರೆ.”

“ಗೊತ್ತು.”

“ಮಠದೋರು ಹೊಲಾನ ತಮ್ಮ ಕುರಿ ಮೇಯೋ ಜಾಗಕ್ಕೆ ಸೇರಿಸ್ಕೋತಾರಂತೆ. ನಾನು ತೋಡಿದ ಕಾಲುವೇನ ಕುರಿ ತುಳಿದು ಮುಚ್ಚಿಬಿಡ್ತವೆ.” ಅವನು ಕೋಳಿಯ ರೆಕ್ಕೆ ಸವರುತ್ತ ನೆಲ ನೋಡಿದ. “ಗಂಡಸರು ಯಾರೂ ಹೊರಗೆ ಇರಲಿಲ್ಲ. ಕೇಳಿಸ್ಕೊಂಡೋರಿಲ್ಲ. ನೀನು ಸಭೇಲಿ ‘ಅತ್ತಳು’ ಅನ್ನು. ಒಂದೇ ಮಾತು. ಪಂಚರಿಗೆ ನಿನ್ನ ಮಾತು ಅಂದ್ರೆ ಮಾತು.”

“ಅಳಲಿಲ್ಲ ಹ್ಯಾಮೋ.”

“ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತು. ಜೊತೇಲಿದ್ದ ಇಬ್ಬರು ಹೆಂಗಸರಿಗೆ ಗೊತ್ತು. ಸಭೇಲಿ ನಿಂತು ಇದೊಂದು ಸುಳ್ಳು ಹೇಳಿದರೆ ನಾಳೆ ಯಾವಳೋ ಹೆತ್ತು, ಕೂಸು ಬಾಡಿ, ನಾನು ನೀರು ಹನಿಸಿದೆ ಅಂದ್ರೆ ಯಾರು ನಂಬ್ತಾರೆ? ಆ ಕೂಸೂ ಬೇಲಿಯಾಚೆ ಹೋಗ್ತದೆ.”

“ಹಂಗಾದ್ರೆ ನಾನು ಎಲ್ಲಿಗೆ ಹೋಗ್ಲಿ?” ಹ್ಯಾಮೋನ ದನಿ ಏರಿತು. “ನಿನಗೆ ನಿನ್ನ ಮಾತು ದೊಡ್ಡದು. ಬೀದಿಗೆ ಬೀಳೋನು ನಾನು!”

“ಕೂಗಾಡಬೇಡ, ಕೋಳಿ ಹೆದರ್ತದೆ. ಅಳಲಿಲ್ಲ ಅನ್ನೋದು ನಿಜ. ಬದುಕಿದ್ಲು ಅನ್ನೋದೂ ನಿಜ. ಎರಡನ್ನೂ ಹೇಳ್ತೀನಿ.”

“ಅವರು ಕೇಳೋದು ಮೊದಲನೇದು ಮಾತ್ರ.”

“ಕೇಳ್ಲಿ. ಬಾಯಿ ನಂದು ತಾನೇ?”

ಹ್ಯಾಮೋ ಕೋಳಿ ಎತ್ತಿಕೊಂಡು ಹೊರಟ. ಅವನಿಗೆ ಸಮಾಧಾನವಾಗಿರಲಿಲ್ಲ. ಗುನ್ನೋರಾ ಅದನ್ನು ಕಂಡರೂ ಅವನನ್ನು ಮತ್ತೆ ಕರೆಯಲಿಲ್ಲ.

ಸಭೆ ಮಠದ ಕಣಜದ ಕಟ್ಟಡದಲ್ಲಿ ಸೇರಿತು. ಒಂದು ಗೋಡೆಗೆ ಹೊಸ ಗೋದಿಯ ಕಟ್ಟುಗಳು ಸೂರಿನ ತನಕ ಒಟ್ಟಿದ್ದವು. ಮೇಜಿನ ಹಿಂದೆ ವಾರಿನ್, ಪಕ್ಕದಲ್ಲಿ ಕುರಿತೊಗಲಿನ ಸುರುಳಿ ಬಿಚ್ಚಿಕೊಂಡ ಬರಹಗಾರ. ಎಡಗಡೆಯ ಬೆಂಚುಗಳ ಮೇಲೆ ಹನ್ನೆರಡು ಮಂದಿ ಪಂಚರು. ಎಲ್ಲರೂ ಊರಿನ ಒಕ್ಕಲುಗಳೇ. ಪದ್ಧತಿ ಏನೆಂದು ಹೇಳುವ ಹಕ್ಕು ಅವರದು, ಒಡೆಯ ಅದನ್ನು ಮೀರುವಂತಿಲ್ಲ. ಬೆಂಚಿನ ತುದಿಯಲ್ಲಿ ವುಲ್ಮರ್ ಕೂತಿದ್ದ. ಅವನು ಗುನ್ನೋರಾಳ ಮಗಳು ಅವೀಸ್‌ಳ ಗಂಡ. ಫೆಬ್ರವರಿಯಿಂದ ಅತ್ತೆಯೊಡನೆ ಮಾತು ಬಿಟ್ಟಿದ್ದ.

ವಾರಿನ್ ಕೆಟ್ಟ ಮನುಷ್ಯರಲ್ಲ. ಮಠದ ಛಾವಣಿ ಸೋರುತ್ತಿತ್ತು, ಉಣ್ಣೆಗೆ ಒಳ್ಳೆಯ ಬೇಡಿಕೆಯಿತ್ತು, ಕುರಿಗಳಿಗೆ ನೆಲ ಸಾಲುತ್ತಿರಲಿಲ್ಲ. ಕೂಸು ಅಳಲಿಲ್ಲವೆಂಬ ಮಾತು ಅವರ ಕಿವಿಗೆ ಬಿದ್ದಿತ್ತು, ಸೂಲಗಿತ್ತಿ ಸುಳ್ಳು ಹೇಳುವವಳಲ್ಲವೆಂದು ವಿಚಾರಿಸಿ ತಿಳಿದುಕೊಂಡಿದ್ದರು. ಸಾಕ್ಷಿ ನಡೆಯದ ಹೆಂಗಸನ್ನು ಕರೆಸಿದ್ದು ಅದೇ ಕಾರಣಕ್ಕೆ.

“ಒಂದೇ ಪ್ರಶ್ನೆ” ಎಂದರು ವಾರಿನ್. “ಸಬೀನಾಳ ಕೂಸು ಅತ್ತಿತಾ?”

“ಇಲ್ಲ ಸ್ವಾಮಿ.”

ಕಣಜದಲ್ಲಿ ಗುಜುಗುಜು ಎದ್ದಿತು. ಹ್ಯಾಮೋ ಕಂಬಕ್ಕೆ ಒರಗಿದ. ವಾರಿನ್ ಬರಹಗಾರನ ಕಡೆ ತಿರುಗಿ, “ಬರ್ಕೋ” ಎಂದರು.

“ಇನ್ನೂ ಮುಗಿದಿಲ್ಲ ಸ್ವಾಮಿ.”

“ನೀನಿಲ್ಲಿ ಸಾಕ್ಷಿಯಲ್ಲಮ್ಮ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಇನ್ನು ಹೋಗಬಹುದು.”

“ನೀವು ಕೇಳಿದ್ದು ಅರ್ಧ. ಅರ್ಧಕ್ಕೆ ಉತ್ತರ ಕೊಟ್ಟು ಹೋದ್ರೆ ಅದು ಸುಳ್ಳು ಹೇಳಿದ ಹಾಗೆ ಆಗ್ತದೆ.” ಪಂಚರಲ್ಲಿ ಒಬ್ಬ ಕೆಮ್ಮಿ ನಗು ನುಂಗಿಕೊಂಡ. “ಅಳು ಗೋಡೆಯಾಚೆ ಇದ್ದೋರಿಗೆ ಬೇಕು ಸ್ವಾಮಿ. ನಾನು ಗೋಡೆಯೊಳಗಿದ್ದೆ. ಕೂಸು ಉಸಿರಾಡಿತು. ನನ್ನ ಬೆರಳು ಹಿಡೀತು. ನಾನು ಜ್ಞಾನಸ್ನಾನ ಕೊಟ್ಟೆ. ಅದರ ಅಳು ಕೇಳಿಸ್ಕೊಳ್ಳೋಕೆ ಹೊರಗೆ ಗಂಡಸರು ಇರಬೇಕಿತ್ತು, ನಿಜ. ಇರಲಿಲ್ಲ ಯಾಕೆ? ಎಲ್ಲರೂ ನಿಮ್ಮ ಗೋದಿ ಕೊಯ್ತಾ ಇದ್ರು.”

“ಕೇಳಿಸ್ಕೊಳ್ಳೋರು ಇದ್ದಿದ್ದರೂ ಅಳೋ ಕೂಸಿರಲಿಲ್ಲವಲ್ಲ.”

“ಅದೂ ಸರಿ. ಹಂಗಾದ್ರೆ ಇನ್ನೊಂದು ಹೇಳಿ. ಆ ಕೂಸು ಈಗ ಎಲ್ಲಿದೆ?”

ವಾರಿನ್ ಬರಹಗಾರನ ಸುರುಳಿಯತ್ತ ಕಣ್ಣು ಹಾಯಿಸಿದರು.

“ಚರ್ಚಿನ ಅಂಗಳದಲ್ಲಿದೆ. ಗುಂಡಿ ಮೇಲೆ ತೀರ್ಥ ಚಿಮುಕಿಸಿದೋರು ನೀವು. ಆವತ್ತು ಬದುಕಿ ಸತ್ತಿದ್ದ ಕೂಸು ಇವತ್ತು ಹುಟ್ಟೇ ಇಲ್ಲ ಅಂದ್ರೆ ಹೆಂಗೆ ಸ್ವಾಮಿ? ಅಂಗಳದಲ್ಲಿ ನಿಂತಾಗ ಒಂದು ಕಣ್ಣು, ಕಣಜದಲ್ಲಿ ಕೂತಾಗ ಒಂದು ಕಣ್ಣಾ?”

“ಬಾಯಿ ಬಿಗಿಹಿಡಿ” ಎಂದ ಬರಹಗಾರ. ವಾರಿನ್ ಅವನನ್ನು ಕೈಸನ್ನೆಯಿಂದ ತಡೆದು, ಬಾಗಿಲ ಬಳಿ ನಿಂತಿದ್ದ ಪಾದ್ರಿ ಫುಲ್ಕ್ ಅವರನ್ನು ಕರೆದರು.

“ಜ್ಞಾನಸ್ನಾನ ಸರಿಯಾಗಿತ್ತಾ?”

“ಮಾತು ಸರಿ, ನೀರು ಸರಿ” ಎಂದರು ಪಾದ್ರಿ. ಅವರು ಮೆಲುದನಿಯ ಮನುಷ್ಯ, ಹಿಂದಿನ ಸಾಲಿನವರು ಕತ್ತು ಚಾಚಿ ಕೇಳಬೇಕಾಯಿತು. “ಕೂಸಿಗೆ ಜೀವ ಇರಲಿಲ್ಲ ಅಂತ ಸಭೆ ಹೇಳಿದರೆ ನಾನು ಆ ಗುಂಡಿ ಅಗೆಸಿ ಕೂಸನ್ನ ಹೊರಗೆ ತೆಗೆಸಬೇಕಾಗ್ತದೆ. ಬಿಷಪ್ಪರಿಗೆ ಬರೀಬೇಕಾಗ್ತದೆ. ಹೂಳುವಾಗ ಯಾರ್ಯಾರು ಇದ್ದರು ಅಂತ ಅವರು ಕೇಳೇ ಕೇಳ್ತಾರೆ.”

ವಾರಿನ್ ಸ್ವಲ್ಪ ಹೊತ್ತು ಮೇಜಿನ ಮೇಲಿನ ಗೋದಿಕಾಳನ್ನು ಬೆರಳಿಂದ ಉರುಳಿಸಿದರು. ಅವರು ಸೋಲೊಪ್ಪಿ ಏಳುವವರಾಗಿರಲಿಲ್ಲ. ಕೊನೆಗೆ ಪಂಚರ ಕಡೆ ತಿರುಗಿದರು. “ಗುರುಗಳು ಸೂಲಗಿತ್ತಿಯ ಮಾತು ನಂಬಿ ಹೂಳಿದರು. ನಾನು ಗುರುಗಳನ್ನ ನಂಬಿ ತೀರ್ಥ ಹಾಕಿದೆ. ಎಲ್ಲದರ ಬುಡಕ್ಕೂ ಇರೋದು ಒಬ್ಬ ಹೆಂಗಸಿನ ಮಾತು. ತಾಯಿ ಸಾಯ್ತಾ ಇದ್ದಾಳೆ, ಕೂಸು ಕೈಲಿದೆ. ಕರುಳು ಅಂತ ಇರ್ತದೆ. ಸತ್ತ ಕೂಸಿಗೂ ಕನಿಕರದಿಂದ ನೀರು ಹನಿಸೋ ಸೂಲಗಿತ್ತಿಯರನ್ನ ನಾನು ಕಂಡಿದ್ದೀನಿ. ಇವಳೂ ಹಾಗೆ ಮಾಡಿಲ್ಲ ಅಂತ ನಿಮ್ಮಲ್ಲಿ ಯಾರು ಹೇಳ್ತೀರಿ?”

ಗುನ್ನೋರಾ ಬಾಯಿ ತೆರೆದಳು, ಆದರೆ ಮಾತು ಹೊರಡಲಿಲ್ಲ. ಓಡೋ ಅವಳನ್ನು ಆ ಸ್ಥಿತಿಯಲ್ಲಿ ಕಂಡದ್ದು ಅದೇ ಮೊದಲು ಎಂದು ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ.

ಬೆಂಚಿನ ತುದಿಯಿಂದ ವುಲ್ಮರ್ ಎದ್ದು ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ನಾನು ಹೇಳ್ತೀನಿ ಸ್ವಾಮಿ.”

ಎಲ್ಲರೂ ಅವನತ್ತ ನೋಡಿದರು.

“ಫೆಬ್ರವರೀಲಿ, ಮೇಣದಬತ್ತಿ ಹಬ್ಬದ ದಿನ, ನನ್ನ ಹೆಂಡತಿ ಹೆತ್ತಳು. ಗಂಡು. ಹೆರಿಗೆ ಮಾಡಿಸಿದ್ದು ಇವಳೇ, ನನ್ನ ಅತ್ತೆ. ಅವಳ ಸ್ವಂತ ಮೊಮ್ಮಗ. ಕೂಸಿಗೆ ಉಸಿರಿರಲಿಲ್ಲ. ಇವಳು ಬಾಯಿಗೆ ಬಾಯಿಟ್ಟು ಊದಿದಳು, ಬೆನ್ನು ತಟ್ಟಿದಳು. ಅವೀಸ್ ‘ಅವ್ವಾ, ಒಂದು ಹನಿ ನೀರು ಹಾಕವ್ವಾ, ಯಾರಿಗೂ ಗೊತ್ತಾಗಲ್ಲ’ ಅಂತ ಅತ್ತಳು. ನಾನು ಒಳಗೆ ನುಗ್ಗಿ ಇವಳ ಕಾಲು ಹಿಡಿದೆ. ನೀರಿನ ಪಾತ್ರೆ ಪಕ್ಕದಲ್ಲೇ ಇತ್ತು.” ಅವನು ಟೋಪಿಯನ್ನು ಇನ್ನೊಂದು ಕೈಗೆ ಬದಲಿಸಿದ. “ಹಾಕಲಿಲ್ಲ. ನನ್ನ ಮಗ ಬೇಲಿಯಾಚೆ ಇದ್ದಾನೆ. ನಾನೇ ಗುಂಡಿ ತೆಗೆದೆ. ಅಂಥವಳು ಹ್ಯಾಮೋನ ಕೂಸಿಗೆ ಕನಿಕರಪಟ್ಟು ನೀರು ಹಾಕಿದಳು ಅಂತ ನೀವು ಹೇಳಿದ್ರೆ ನಾನು ನಂಬಲ್ಲ ಸ್ವಾಮಿ. ಇಲ್ಲಿ ಕೂತ ಯಾರೂ ನಂಬಲ್ಲ.”

ಅವನು ಕೂತ. ಗುನ್ನೋರಾ ಅಳಿಯನ ಕಡೆ ನೋಡಲಿಲ್ಲ. ಎರಡೂ ಕೈಗಳನ್ನು ಏಪ್ರನ್ನಿನೊಳಗೆ ಸುತ್ತಿಕೊಂಡಳು.

ಪಂಚರು ಹೊರಗೆ ಹೋಗಿ, ಬಾವಿಕಟ್ಟೆಯ ಬಳಿ ಮಾತಾಡಿಕೊಂಡು ಬಂದರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವರಲ್ಲಿ ಹಿರಿಯನಾದವನು ಎದ್ದು, ಊರಿನ ಪದ್ಧತಿಯನ್ನು ತಾವು ಬಲ್ಲಂತೆ ಹೇಳಿದ. “ಅಳು ಕೇಳಬೇಕು ಅಂತ ಹಿರಿಯರು ಹೇಳಿದ್ದು ಜೀವ ಇತ್ತು ಅಂತ ಗೊತ್ತಾಗ್ಲಿ ಅಂತ. ಇಲ್ಲಿ ಜೀವ ಇತ್ತು ಅಂತ ಗೊತ್ತಾಗಿದೆ. ಚರ್ಚು ಒಪ್ಪಿದೆ, ಒಡೆಯರು ತೀರ್ಥ ಹಾಕಿದ್ದಾರೆ. ಹ್ಯಾಮೋ ಬದುಕಿರೋತನಕ ಹೊಲ ಅವನದು. ಆಮೇಲೆ ಮಠದ್ದು.”

ವಾರಿನ್ ಹನ್ನೆರಡು ಮುಖಗಳನ್ನೂ ಒಮ್ಮೆ ನೋಡಿದರು. “ಬರ್ಕೋ” ಎಂದು ಬರಹಗಾರನಿಗೆ ಹೇಳಿದರು. ಬರಹಗಾರ ಲ್ಯಾಟಿನ್ನಿನಲ್ಲಿ ನಾಲ್ಕು ಸಾಲು ಬರೆದ. ಅದರಲ್ಲಿ ಹ್ಯಾಮೋನ ಹೆಸರಿದೆ, ಸಬೀನಾಳ ಹೆಸರಿದೆ, ಸಿಸಿಲಿಯ ಹೆಸರೂ ಇದೆ. ಸೂಲಗಿತ್ತಿಯನ್ನು ಹೆಸರಿಸಿಲ್ಲ. ಸಾಕ್ಷಿಯಲ್ಲದವರ ಹೆಸರನ್ನು ಸುರುಳಿಯಲ್ಲಿ ಬರೆಯುವ ರೂಢಿಯಿಲ್ಲ.

ಹೊರಗೆ ಹ್ಯಾಮೋ ಅವಳಿಗೆ ಏನೋ ಹೇಳಲು ಬಂದ. ಗುನ್ನೋರಾ ಅವನ ಹೆಗಲು ತಟ್ಟಿ, “ಮಳೆ ಬರೋಕೆ ಮುಂಚೆ ಕೆಳಗಿನ ಹೊಲ ಉಳು, ಹೋಗು” ಎಂದಳು. ಅವನು ಹೋದ. ವುಲ್ಮರ್ ಬಾವಿಕಟ್ಟೆಯ ಬಳಿ ಕಾಯುತ್ತ ನಿಂತಿದ್ದ. ಟೋಪಿ ಇನ್ನೂ ಕೈಯಲ್ಲೇ ಇತ್ತು.

“ಅವೀಸ್‌ಗೆ ಮೂರು ತಿಂಗಳು” ಎಂದ.

“ಯಾರು ಹೇಳ್ತಾರೆ ನನಗೆ?”

“ಈಗ ನಾನು ಹೇಳ್ತಾ ಇಲ್ವಾ?” ಅವನು ಟೋಪಿ ಹಾಕಿಕೊಂಡ. “ಊಟ ಸೇರ್ತಿಲ್ಲ ಅವಳಿಗೆ. ಬೆಳಿಗ್ಗೆ ಎದ್ದರೆ ವಾಂತಿ. ನೀನು ಬರ್ತೀಯೋ, ಇಲ್ಲ ಪಕ್ಕದೂರಿನವಳನ್ನ ಕರೆಸ್ಲೋ?”

“ಪಕ್ಕದೂರಿನವಳ ಉಗುರು ನೋಡಿದ್ದೀಯಾ? ಗಿಡುಗನ ಉಗುರು. ನಡಿ, ಈಗಲೇ ಬರ್ತೀನಿ.”

ಇಬ್ಬರೂ ಗಿರಣಿಯ ದಾರಿ ಹಿಡಿದು ನಡೆದರು. ಮುಂದಿನ ಸಭೆಯಲ್ಲಿ ಮಠ ಹೊಸದೊಂದು ಕಟ್ಟಳೆ ಬರೆಸಿತು: ಹೊಲದ ವಾರಸುದಾರಳು ಹೆರುವ ದಿನ ಅವಳ ಗಂಡನೂ ನೆರೆಯ ಇಬ್ಬರು ಗಂಡಸರೂ ಬಿಟ್ಟಿಗೆ ಬರಬೇಕಾಗಿಲ್ಲ, ಅವರು ಮನೆಯ ಗೋಡೆಯ ಹೊರಗೆ ನಿಂತು ಕಿವಿಗೊಡಬೇಕು.